ಬರ್ತ್‌ಡೇ ತಾಟಿನ ಚರಿತ್ರೆ | ನಮ್ಮೂರ ಇತಿಹಾಸ, ಭಾಗ 5

ನಿನ್ನೆ ನನ್ನ ಬರ್ತ್‌ಡೇ. ಈ ಸಲ ರಾತ್ರಿ 12ರ ಕೇಕ್ ಇಲ್ಲ. ಬೆಳಿಗ್ಗೆ ಸಿಂಧನೂರಿನ ನಮ್ಮ ಮನ್ಯಾಗ ಗೆಳೆಯರಿಗೆಲ್ಲ ನಾಷ್ಟಾ: ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ. ಲಿಂಗಸುಗೂರು, ಮಸ್ಕಿಯವ್ರು ಬಸ್ಸಿಗೆ ಬಂದ್ರು.

ತಿನ್ನುತ್ತಾ ಅಜ್ಜಿಗೆ ಕೇಳಿದೆ: "ನಿನ್ ಬರ್ತ್‌ಡೇ ಯಾವಾಗಬೇ?"
"ತಾರೀಕು ಯಾರಿಗ್ಗೊತ್ತು? ಡ್ಯಾಂ ಕಟ್ಟೋ ಮುಂದ ಹುಟ್ಟೀನಂತ."

ಆಧಾರ್‌ನಾಗ ಜನವರಿ 1 ಅಂತೈತಿ. ಅದು ಅಂದಾಜು. ಆದ್ರೆ ಅಜ್ಜಿಯ ಮಾತು ಇತಿಹಾಸ. ತುಂಗಭದ್ರಾ ಡ್ಯಾಂ ಕೆಲಸ ಶುರುವಾಗಿದ್ದು 1945ರಲ್ಲಿ, ನೀರು ಬಿಟ್ಟಿದ್ದು 1953ರಲ್ಲಿ. ಆಗ ರಾಯಚೂರು ಹೈದರಾಬಾದಿಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು.

ತಾಟು ನೋಡ್ರಿ. ಮಂಡಾಳ ಆಗೋದು ಭತ್ತದಿಂದ. ಎಡದಂಡೆ ಕಾಲುವೆ ಬರೋ ಮುಂಚೆ ಇದು ಜೋಳದ ಸೀಮೆ. ಅಜ್ಜಿಯ ಬಾಲ್ಯದ ನಾಷ್ಟಾ ಅಂದ್ರ ರೊಟ್ಟಿ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಾಗ ಬಂದದ್ದು. ಒಗ್ಗರಣಿಯ ಶೇಂಗಾದ ತವರೂ ದಕ್ಷಿಣ ಅಮೆರಿಕವೇ.

ಮಸ್ಕಿ ಗೆಳೆಯ ಅಂದ: "ನಮ್ಮೂರ ಕಲ್ಲಿನ್ಯಾಗೂ ಬರ್ತ್‌ಡೇ ಇಲ್ಲಲೇ." ಖರೆ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ಅಶೋಕ ಅಂತ ಹೆಸರೈತಿ. ಹುಟ್ಟಿದ ದಿನ ಇಲ್ಲ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು ಅನ್ನೋ ಲೆಕ್ಕ ಐತಿ. ಅಂದ್ರೆ ರಾಜನೂ ನಮ್ಮಜ್ಜಿಯಂಗ, ಬದುಕು ಬದಲಾದ ದಿನದಿಂದ ಎಣಿಸಿದ.

ಕೊನೆಗೆ ಎಲ್ಲರೂ ಸೇರಿ ಅಜ್ಜಿಗೇ ವಿಶ್ ಮಾಡಿದ್ವಿ. ಮೊದಲ ಮಿರ್ಚಿ ಅಕೀಗೆ. (ಕೊನೇ ಫೋಟೋ ನೋಡ್ರಿ ❤️)

ನಿಮ್ಮಜ್ಜಿ ಯಾವುದರ ಮುಂದ ಹುಟ್ಟಿದ್ರು? ಇವತ್ತೇ ಕೇಳ್ರಿ, ನಾಳೆ ಅನ್ಬ್ಯಾಡ್ರಿ. ಕಾಮೆಂಟ್‌ನಾಗ ಬರೀರಿ.

#ಸಿಂಧನೂರು #ಲಿಂಗಸುಗೂರು #ಮಸ್ಕಿ