ಅಜ್ಜಿಯ ಸಂಚಿ, ಅಪ್ಪನ ಟ್ರಂಕು, ಪಂಪನ ಕಟ್ಟು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಲು ನಮ್ಮ ಗುರುಗಳು ಫೋನಿನಲ್ಲಿ ಹೇಳಿದಾಗ, ನನಗೆ ಮೊದಲು ನೆನಪಾದದ್ದು 2004ರ ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಯ ಫೋಟೊ. ಬೆಂಗಳೂರಿನಿಂದ ಬೆಟಗೇರಿಯ ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅಪ್ಪ ಮುಂಡರಗಿ ಸಂತೆಯಲ್ಲಿ ಕೊಂಡ ತಗಡಿನ ಟ್ರಂಕು ಅದು. ಫೋಟೊವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟವನು ನಾನೇ. ಬಿಚ್ಚಿದರೆ ಚೀಲಕ್ಕೆ ಅಂಟಿಕೊಂಡಿತ್ತು. ಎಳೆದಾಗ ಅರ್ಧ ಗೆಳೆಯರ ಮುಖ ಕಿತ್ತುಬಂದವು. ಅವರಲ್ಲೊಬ್ಬ ಈಗ ಬದುಕಿಲ್ಲ.

ಅದೇ ಟ್ರಂಕಿನ ಮೂಲೆಯಲ್ಲಿದ್ದ ಅಜ್ಜಿಯ ಸಂಚಿ ಮಾತ್ರ ಇಟ್ಟ ಹಾಗೇ ಇತ್ತು. ಖಣದ ಚೂರು, ಹಳೆ ಸೀರೆಯ ಅಂಚು ಸೇರಿಸಿ ಅಜ್ಜಿ ತಾನೇ ಹೊಲಿದದ್ದು. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ದುಡ್ಡಿಗೊಂದು. ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ ತವರಿನ ಬಳೆಯ ಚೂರು ಮತ್ತು ಅಜ್ಜನ ಕೈಬರಹದ ಒಂದು ಚೀಟಿ. ಅಕ್ಷರ ಇನ್ನೂ ಓದಲು ಬರುತ್ತಿತ್ತು.

ಕಾರಣ ಸರಳ. ಫೋಟೊದ ಮೇಲ್ಪದರ ಜೆಲಟಿನ್. ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಬಿದ್ದ ತೇವಕ್ಕೆ ಅದು ಮೆತ್ತಗಾಗಿ ಅಂಟುತ್ತದೆ. ಹತ್ತಿ ಬಟ್ಟೆಯಾದರೆ ಉಸಿರಾಡುತ್ತದೆ, ತೇವ ಹೊರಗೆ ಹೋಗುತ್ತದೆ.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ನಮ್ಮ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಆದಿಕವಿ ಪಂಪ ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ. ಬಿ.ಎಲ್. ರೈಸ್ ಅದನ್ನು ಅಚ್ಚು ಹಾಕಿಸಿದ್ದು 1898ರಲ್ಲಿ. ನಡುವಿನ 957 ವರ್ಷ ಆ ಕಾವ್ಯ ಎಲ್ಲಿತ್ತು? ಓಲೆಗರಿಯ ಕಟ್ಟುಗಳಲ್ಲಿ. ಹದಮಾಡಿದ ಗರಿಯ ಮೇಲೆ ಕಂಟದಿಂದ ಕೊರೆದು, ಅಕ್ಷರ ಕಾಣಲು ಮಸಿ ತೀಡಿ, ತೂತಿನಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಹಲಗೆ ಗರಿ ಸುರುಳಿಯಾಗದಂತೆ ಒತ್ತಿ ಹಿಡಿಯುತ್ತಿತ್ತು, ಬಟ್ಟೆ ಧೂಳು ತಡೆಯುತ್ತಿತ್ತು. ಆಗಾಗ ಬಿಚ್ಚಿ, ಎಣ್ಣೆ ಸವರಿ, ಹುಳು ನೋಡಿ ಮತ್ತೆ ಕಟ್ಟುತ್ತಿದ್ದರು.

ಆದರೂ ಗರಿ ಸಾವಿರ ವರ್ಷ ಬಾಳುವುದು ಕಷ್ಟ. ಮುರಿಯುವ ಮೊದಲು ಯಾರೋ ಕುಳಿತು ಹೊಸ ಗರಿಯ ಮೇಲೆ ನಕಲು ಮಾಡಿದರು. ಅದು ಹಳೆಯದಾದಾಗ ಮತ್ತೊಬ್ಬರು. ಹೆಸರು ತಿಳಿಯದ ಇಂಥ ಲಿಪಿಕಾರರಿಂದಲೇ ಪಂಪ ನಮ್ಮ ಪಠ್ಯಪುಸ್ತಕದವರೆಗೆ ಬಂದ. ನಾನು ದಿನವೂ ಮಾಡುವ ಬ್ಯಾಕಪ್ ಕೆಲಸವೂ ಇದೇ: ಒಂದೇ ಕಡೆ ಇಟ್ಟದ್ದು ಇಟ್ಟಂತಲ್ಲ.

ಮನೆಮನೆಯಲ್ಲೂ ಈ ಜಾಣತನ ಇತ್ತು. ಇಷ್ಟಲಿಂಗಕ್ಕೆ ಬೆಳ್ಳಿಯ ಕರಡಿಗೆ, ಲೆಕ್ಕಪತ್ರಕ್ಕೆ ಬಟ್ಟೆಯ ದಫ್ತರ. ಯಾವುದನ್ನೂ ಮುಚ್ಚಿಟ್ಟು ಮರೆಯುತ್ತಿರಲಿಲ್ಲ. “ತೆಗದ ನೋಡಿದ್ದು ಉಳಿತೈತಿ, ಮುಚ್ಚಿಟ್ಟದ್ದು ಮುಗ್ಗ ಹಿಡಿತೈತಿ,” ಎನ್ನುತ್ತಿದ್ದಳು ಅಜ್ಜಿ. ಬಿ.ಇ. ಓದಿದ ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈ ಸುವರ್ಣ ವರ್ಷದಲ್ಲಿ ನಮ್ಮ ಶಾಲೆಗೆ ಒಂದು ಮರದ ಪೆಟ್ಟಿಗೆ ಮಾಡಿಸೋಣ. ಹಳೆಯ ಫೋಟೊ, ಗ್ಯಾದರಿಂಗಿನ ಕರಪತ್ರ, ಕೈಬರಹದ ಪತ್ರಿಕೆಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಅದರಲ್ಲಿಡೋಣ. ಪ್ರತಿ ವರ್ಷ ಖಂಡೇಪೂಜೆಯ ಹೊತ್ತಿಗೆ ಮಕ್ಕಳೇ ತೆಗೆದು, ಒರೆಸಿ, ನೋಡಲಿ. ಎಲ್ಲದರ ಸ್ಕ್ಯಾನ್ ಪ್ರತಿ ಮಾಡಿ ಎರಡು ಕಡೆ ಇಡುವ ಕೆಲಸ ನನ್ನದು.

ಕೊನೆಗೊಂದು ಬೇಡಿಕೆ. ಆ ದಿನ ಫೋಟೊದ ಪ್ರತಿಯನ್ನು ನಾವೆಲ್ಲ ಒಂದೊಂದು ಕೊಂಡಿದ್ದೆವು. ಗದಗಿನಲ್ಲೋ ಶಿರಹಟ್ಟಿಯಲ್ಲೋ, ಯಾರ ಮನೆಯಲ್ಲಾದರೂ ಒಂದು ಉಳಿದಿರಬಹುದು. ಇದ್ದರೆ ದಯವಿಟ್ಟು ತನ್ನಿ. ಹಿಂದಿನ ಸಾಲು, ಎಡದಿಂದ ಮೂರನೆಯವನು. ಅವನ ಅವ್ವನಿಗೆ ಒಂದು ನಕಲು ಕೊಡಬೇಕಿದೆ.