ಖುದ್ದು ನಿರ್ವಹಣೆ (ಹೊಸ ಉದ್ಯಮಗಳಲ್ಲಿ)

ಉದ್ಯಮದ ಮೊದಲ ವರ್ಷಗಳಲ್ಲಿ ಸ್ಥಾಪಕರು ದಿನನಿತ್ಯದ ಕೆಲಸವನ್ನು ತಾವೇ ಮುಂದೆ ನಿಂತು ನಡೆಸುವ ರೀತಿ. ಗಿರಾಕಿಯ ಜೊತೆಗಿನ ಮಾತು, ಮಾಲಿನ ತಪಾಸಣೆ, ಬಾಕಿ ವಸೂಲಿ ಎಲ್ಲವೂ ಅವರ ಕೈಯಲ್ಲೇ ಇರುತ್ತವೆ. ಸಿಬ್ಬಂದಿ ಇಡಲು ಹಣವಿಲ್ಲದಿರುವುದು ಒಂದು ಕಾರಣ. ಕೆಲಸ ಹೇಗೆ ನಡೆಯಬೇಕೆಂಬುದು ಇನ್ನೂ ಯಾರಿಗೂ ತಿಳಿದಿಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ. ಹೂಡಿಕೆದಾರ ಪಾಲ್ ಗ್ರಹಾಂ 2024ರಲ್ಲಿ ಬರೆದ ‘ಫೌಂಡರ್ ಮೋಡ್’ ಪ್ರಬಂಧದಿಂದ ಸ್ಟಾರ್ಟಪ್ ವಲಯದಲ್ಲಿ ಈ ಚರ್ಚೆ ಬಿರುಸಾಯಿತು. ರೂಢಿ ಮಾತ್ರ ಬಹಳ ಹಳೆಯದು.

ವಿಆರ್‌ಎಲ್

ಕರ್ನಾಟಕದಲ್ಲಿ ಇದಕ್ಕೆ ಮಹತ್ವದ ನಿದರ್ಶನ ಸಾಗಣೆ ಸಂಸ್ಥೆ ವಿಆರ್‌ಎಲ್‌ನ ಸ್ಥಾಪಕ ವಿಜಯ ಸಂಕೇಶ್ವರ. ಗದಗಿನ ಮುದ್ರಣ-ಪ್ರಕಾಶನದ ಮನೆತನದ ಅವರು 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ಆರಂಭಿಸಿದರು. ಮನೆತನಕ್ಕೆ ಹೊಸದಾದ ಈ ಕಸುಬು ಕ್ರಮೇಣ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿಗೆ ಹಬ್ಬಿ, 1983ರಲ್ಲಿ ಕಂಪನಿಯ ರೂಪ ಪಡೆಯಿತು.

ಸಂಸ್ಥೆ ಹೆಸರು ಮಾಡಿದ್ದು ಪಾರ್ಸಲ್ ಸಾಗಣೆಯಲ್ಲಿ. ಇಡೀ ಲಾರಿಯನ್ನು ಒಬ್ಬನೇ ವ್ಯಾಪಾರಿಗೆ ಬಾಡಿಗೆ ಕೊಡುವುದು ಸರಳ, ಆದರೆ ದರದಲ್ಲಿ ಅವನದೇ ಮೇಲುಗೈ. ಪಾರ್ಸಲ್‌ನಲ್ಲಿ ಹಲವರ ಸರಕು ಕೂಡುವುದರಿಂದ ಕಿಲೋ ಲೆಕ್ಕದ ದರ ಹೆಚ್ಚು, ಒಬ್ಬ ಗಿರಾಕಿ ಬಿಟ್ಟುಹೋದರೂ ಲಾರಿ ನಿಲ್ಲದು. ಬದಲಿಗೆ ಪ್ರತಿ ಬುಕಿಂಗ್‌ಗೂ ರಸೀದಿ ಬೇಕು. ನಡುವಿನ ಗೋದಾಮಿನಲ್ಲಿ ಸರಕು ಇಳಿಸಿ, ಊರುವಾರು ವಿಂಗಡಿಸಿ, ಮತ್ತೆ ಏರಿಸಬೇಕು. ಭಾರದ ಗಂಟು ಕೆಳಗೆ. ಮೊದಲು ಇಳಿಯಬೇಕಾದದ್ದು ಕೊನೆಗೆ ಏರಬೇಕು. ಗಂಟೊಂದು ತಪ್ಪು ಊರಿಗೆ ಹೋದರೆ ಬಾಡಿಗೆಯ ಜೊತೆ ಗಿರಾಕಿಯೂ ಕೈತಪ್ಪುತ್ತಾನೆ. ಇವು ಹಮಾಲರ ನಡುವೆ ನಿಂತು ಕಲಿಯಬೇಕಾದ ಸಂಗತಿಗಳು.

ಹೆಚ್ಚಾಗಿ ಸ್ವಂತ ಲಾರಿಗಳನ್ನೇ ನೆಚ್ಚುವುದು, ಹುಬ್ಬಳ್ಳಿ ಬಳಿಯ ವರೂರಿನಲ್ಲಿ ಅವುಗಳ ಬಾಡಿಯನ್ನೂ ತಾನೇ ಕಟ್ಟುವುದು ಎಲ್ಲವನ್ನೂ ಖುದ್ದಾಗಿ ನಿರ್ವಹಿಸುವ ಮನೋಭಾವದ ಮುಂದುವರಿಕೆ ಎನ್ನಬಹುದು. 1999ರಲ್ಲಿ ಸಂಕೇಶ್ವರ ಆರಂಭಿಸಿದ ‘ವಿಜಯ ಕರ್ನಾಟಕ’ ದಿನಪತ್ರಿಕೆಗೂ ಈ ಅನುಭವ ನೆರವಾಗಿರಬೇಕು: ಬೆಳಗಾಗುವ ಮೊದಲು ಪತ್ರಿಕೆಯ ಕಟ್ಟುಗಳನ್ನು ಊರೂರಿಗೆ ಮುಟ್ಟಿಸುವುದೂ ಸಾಗಣೆಯ ಪ್ರಶ್ನೆಯೇ. ಪತ್ರಿಕೆ 2006ರಲ್ಲಿ ಟೈಮ್ಸ್ ಸಮೂಹದ ಪಾಲಾಯಿತು.

ಕಲಬುರಗಿ ಭಾಗ

ಕಲಬುರಗಿ ಜಿಲ್ಲೆಯಲ್ಲಿ ದಾಲ್ ಮಿಲ್ ಪ್ರಮುಖ ಉದ್ಯಮ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ತೊಗರಿಯ ಒಣಗು, ಕಾಳಿನ ಗಾತ್ರವನ್ನು ಕಣ್ಣಳತೆ-ಕೈಯಳತೆಯಲ್ಲೇ ಅಂದಾಜಿಸುವುದು ಇಲ್ಲಿಯೂ ಮಾಲೀಕನ ಜಾಣ್ಮೆಯ ಭಾಗ.

ಮಿತಿ

ಸ್ಥಾಪಕರ ತಿಳಿವಳಿಕೆ ಸಂಸ್ಥೆಯ ಕ್ರಮವಾಗಿ ಮಾರ್ಪಡದಿದ್ದರೆ ಪ್ರತಿ ತೀರ್ಮಾನವೂ ಅವರಿಗಾಗಿ ಕಾಯುತ್ತದೆ; ಶಾಖೆಗಳು ಹೆಚ್ಚಿದಂತೆ ಇದು ಅಡ್ಡಿಯಾಗುತ್ತದೆ. ಆದರೂ ಬೆಳವಣಿಗೆ ಅಸಾಧ್ಯವಲ್ಲ: ಒಂದು ಲಾರಿಯಿಂದ ಹೊರಟ ವಿಆರ್‌ಎಲ್ 2015ರಲ್ಲಿ ಷೇರುಪೇಟೆ ಪ್ರವೇಶಿಸಿತು.