ಕೋಲಾರದ ಚಿನ್ನ, ಅಕ್ಕನ ಮಗನ ಬಿಟ್‌ಕಾಯಿನ್

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕಾಮಸಮುದ್ರ. ಬಂಗಾರಪೇಟೆ ದಾಟಿ ಜೋಲಾರಪೇಟೆ ಕಡೆ ಹೋಗೋ ರೈಲಿನ ದಾರಿಯಲ್ಲಿ ಸಿಗೋ ಸಣ್ಣ ಸ್ಟೇಷನ್ನು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು, ಹತ್ತಿರದಲ್ಲೇ ಕೆಜಿಎಫ್. ನಮ್ಮ ಮನೆಯಲ್ಲಿ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬಂದರೂ ಯಾರೂ ತಿರುಗಿ ನೋಡಲ್ಲ :-)

ಊಟ ಆದ ಮೇಲೆ ಅಕ್ಕನ ಮಗ ಫೋನ್ ಹಿಡ್ಕೊಂಡು ಪಕ್ಕದಲ್ಲಿ ಬಂದು ಕೂತ.

"ಮಾವ, ಒಂದ್ ಮಾತ್ ಕೇಳ್ಬೇಕಿತ್ತು. ಬಿಟ್‌ಕಾಯಿನ್ ತಗೋಬೋದಾ?"

ನಾನು ಬಾಯಿ ತೆಗೆಯೋಕೆ ಮುಂಚೆ ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಅವನಿಗೆ ಏನೂ ಹೇಳ್ಕೊಡಬೇಡ ಕಣೋ. ಮನೇಲಿ ಒಬ್ಬರು ಕಳ್ಕೊಂಡಿದ್ದು ಸಾಲದಾ?"

ಕಳ್ಕೊಂಡಿದ್ದು ನಮ್ಮ ಚಿಕ್ಕಪ್ಪನ ಮಗ. ಯಾರೋ ಅವನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದರು, ಒಂದು ಲಿಂಕ್ ಕಳಿಸಿದರು, ಆ್ಯಪ್ ಹಾಕಿಸಿದರು. ಹಾಕಿದ 20 ಸಾವಿರ ಪರದೆ ಮೇಲೆ 34 ಸಾವಿರ ಆಯ್ತು. ಹೆಂಡತಿಯ ಒಡವೆ ಅಡ ಇಟ್ಟು ಇನ್ನಷ್ಟು ಹಾಕಿದ. ವಾಪಸ್ ತೆಗೆಯೋಕೆ ಹೋದಾಗ "ಮೊದಲು ತೆರಿಗೆ ಕಟ್ಟಿ" ಅಂದರು. ಅದನ್ನೂ ಕಟ್ಟಿದ! ಆಮೇಲೆ ಆ್ಯಪೂ ಇಲ್ಲ, ಗುಂಪೂ ಇಲ್ಲ. ಒಟ್ಟು 3 ಲಕ್ಷದ 40 ಸಾವಿರ. ಅವತ್ತಿಂದ ಮದುವೆ ಮುಂಜಿ ಅಂದ್ರೆ ಏನೋ ನೆಪ ಹೇಳಿ ತಪ್ಪಿಸ್ಕೋತಾನೆ.

ಹಾಗಾಗಿ ಅಕ್ಕನ ಮಾತಲ್ಲಿ ತಪ್ಪಿಲ್ಲ. ಆದ್ರೆ ಹುಡುಗನಿಗೆ "ಬೇಡ" ಅಂದು ಸುಮ್ಮನಾದ್ರೆ ಅವನು ಇನ್ಯಾರನ್ನೋ ಕೇಳ್ತಾನೆ. ಅದಕ್ಕೇ ಅವನಿಗೆ ನಮ್ಮ ಕಡೆಯ ಚಿನ್ನದ ಕಥೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೀತಿದ್ದೀನಿ.

ಟಿಪ್ಪು ಸತ್ತ ಮೇಲೆ ಬ್ರಿಟಿಷರು ಮೈಸೂರು ಸೀಮೆಯ ಗಡಿ ಅಳೆಯೋಕೆ ಶುರು ಮಾಡಿದರು. 1802ರಲ್ಲಿ ಆ ಕೆಲಸಕ್ಕೆ ನಮ್ಮ ಕಡೆ ಬಂದವನು ಲೆಫ್ಟಿನೆಂಟ್ ಜಾನ್ ವಾರನ್. ಇಲ್ಲಿನ ಮಣ್ಣಲ್ಲಿ ಚಿನ್ನ ಸಿಗುತ್ತೆ ಅನ್ನೋ ಸುದ್ದಿ ಅವನ ಕಿವಿಗೆ ಬಿತ್ತು. ಸುದ್ದಿ ಕೇಳಿ ನಂಬಿಬಿಡಲಿಲ್ಲ. ತೋರಿಸಿದವರಿಗೆ ಬಹುಮಾನ ಅಂದ. ಊರಿಗಾಂ ಕಡೆಯ ಹಳ್ಳಿಯವರು ಮಣ್ಣು ತಂದು ಅವನ ಕಣ್ಣೆದುರಿಗೇ ನೀರಲ್ಲಿ ತೊಳೆದರು. ಮಣ್ಣೆಲ್ಲ ಹೋಗಿ ತಳದಲ್ಲಿ ಚಿನ್ನದ ಕಣ ಉಳೀತು. ಆಮೇಲೆ ವರದಿ ಬರೆದ.

ಈ ಕಥೆಯಲ್ಲಿ ನನಗೆ ಬೇಕಾಗಿರೋದು ಇಷ್ಟೇ. ಕಣ್ಣೆದುರಿಗೆ ತೊಳೆಸಿ ನೋಡೋದು. ಇದನ್ನು ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬರ್ತೀನಿ.

ಸುಮಾರು 70 ವರ್ಷ ಆದ ಮೇಲೆ ಮೈಕೆಲ್ ಲಾವೆಲ್ ಅನ್ನೋ ಐರಿಷ್ ಸೈನಿಕ ಆ ವರದಿ ಓದಿದ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು. ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ 1875ರಲ್ಲಿ ಗಣಿ ಹಕ್ಕು ಪಡೆದ. ಆದ್ರೆ ಗಣಿ ತೋಡೋದು ಒಬ್ಬನ ದುಡ್ಡಲ್ಲಿ ಆಗೋ ಕೆಲಸವಾ? ಸ್ವಲ್ಪ ತೋಡಿಸಿ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಅವರಿಂದ ವಿಷಯ ಲಂಡನ್ನಿಗೆ ಹೋಯ್ತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಭಾರತದ ಚಿನ್ನದ ಹುಚ್ಚು ಹಿಡಿದಿತ್ತು. ಅದು ಶುರುವಾಗಿದ್ದು ಕೋಲಾರದಿಂದ ಅಲ್ಲ, ವಯನಾಡಿನಿಂದ. 1879-81ರ ಸುಮಾರಿಗೆ ದೇವಾಲ, ಪಂದಲೂರು ಕಡೆಯ ಕಾಫಿ ತೋಟಗಳ ಕೆಳಗೆ ಚಿನ್ನ ಇದೆ ಅಂತ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಅವುಗಳ ಬಂಡವಾಳ ಕಾಗದದ ಮೇಲೆ 40 ಲಕ್ಷ ಪೌಂಡಿಗೂ ಜಾಸ್ತಿ! ಜನ ಮುಗಿಬಿದ್ದು ಷೇರು ಕೊಂಡರು. ಆ ದುಡ್ಡಲ್ಲಿ ದೊಡ್ಡ ಪಾಲು ಹೋಗಿದ್ದು ಗಣಿ ತೋಡೋಕಲ್ಲ, ತೋಟ ಮಾರಿದವರ ಜೇಬಿಗೆ. ಸ್ವಲ್ಪ ಚಿನ್ನ ಇತ್ತು ನಿಜ, ಖರ್ಚು ಗಿಟ್ಟುವಷ್ಟು ಇರಲಿಲ್ಲ. ಕೆಲವೇ ವರ್ಷದಲ್ಲಿ ಕಂಪನಿಗಳು ಮುಚ್ಚಿದವು. ಚಿನ್ನ ಸಿಗೋಕೆ ಮುಂಚೆಯೇ ಚಿನ್ನದ ಮಾತು ಮಾರಿದವರು ಸಾಹುಕಾರರಾದರು.

ಆ ಪೆಟ್ಟು ಕೋಲಾರಕ್ಕೂ ತಗುಲಿತು. 1880ರಲ್ಲಿ ಶುರುವಾದ ಮೈಸೂರು ಗಣಿ ಕಂಪನಿಯ ಬಂಡವಾಳ ಮೂರು ವರ್ಷದಲ್ಲಿ ಕರಗುತ್ತಾ ಬಂತು. 1 ಪೌಂಡಿನ ಷೇರು ಕೆಲವು ಪೆನ್ನಿಗೆ ಇಳೀತು. (ಆಗ 1 ಪೌಂಡ್ ಅಂದ್ರೆ 240 ಪೆನ್ನಿ.) ಮುಚ್ಚಿಬಿಡೋಣ ಅನ್ನೋ ಮಾತು ಎದ್ದಾಗ ಜಾನ್ ಟೇಲರ್ ಅಂಡ್ ಸನ್ಸ್‌ನವರು ಇನ್ನೊಂದು ಪ್ರಯತ್ನ ಮಾಡೋಣ ಅಂತ 1883ರಲ್ಲಿ ಕ್ಯಾಪ್ಟನ್ ಪ್ಲಮರ್ ಅನ್ನೋನನ್ನು ಕಳಿಸಿದರು. ಅವನು ಹಿಂದಿನವರು ತೋಡಿ ಬಿಟ್ಟಿದ್ದ ಹಳೇ ಗುಂಡಿಗಳ ಜಾಡು ಹಿಡಿದು ಇನ್ನೂ ಆಳಕ್ಕೆ ಹೋದ. ಚಾಂಪಿಯನ್ ಲೋಡ್ ಸಿಕ್ತು. ಮುಂದಿನದು ನಿಮಗೆ ಗೊತ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚೋವರೆಗೆ ಸುಮಾರು 800 ಟನ್ ಚಿನ್ನ, 3 ಕಿಲೋಮೀಟರಿಗಿಂತ ಆಳದ ಸುರಂಗ. ಈಗ ನಮಗೆ ಉಳಿದಿರೋದು ಸೈನೈಡ್ ಗುಡ್ಡ.

ಇಲ್ಲಿ ಅಕ್ಕನ ಮಗ ಮಧ್ಯೆ ಬಾಯಿ ಹಾಕಿದ. "ಹಾಗಾದ್ರೆ ಪೆನ್ನಿಗೆ ಇಳಿದಾಗ ತಗೊಂಡೋನು ಗೆದ್ದ ಅಲ್ವಾ ಮಾವ?"

ಗೆದ್ದ. ಹೌದು. ಅದನ್ನು ಮುಚ್ಚಿಡಬಾರದು. ಆದ್ರೆ ಅದೇ ಕಾಲದಲ್ಲಿ, ಅದೇ ಲಂಡನ್ನಿನಲ್ಲಿ, ಅದೇ ಥರದ ಕಾಗದದ ಮೇಲೆ ವಯನಾಡಿನ ಷೇರು ತಗೊಂಡೋನು ಮುಳುಗಿದ. ಲಂಡನ್ನಿನಲ್ಲಿ ಕೂತವನಿಗೆ ಎರಡೂ ಒಂದೇ ಥರ ಕಾಣ್ತಿತ್ತು. ಬಿಟ್‌ಕಾಯಿನ್ ಕೂಡ 2021ರ ನವೆಂಬರಿನಲ್ಲಿ ಸುಮಾರು 69 ಸಾವಿರ ಡಾಲರ್ ಮುಟ್ಟಿ, ಒಂದೇ ವರ್ಷದಲ್ಲಿ 16 ಸಾವಿರಕ್ಕಿಂತ ಕೆಳಗೆ ಬಂದು, 2025ರ ಅಕ್ಟೋಬರಿನಲ್ಲಿ 1 ಲಕ್ಷದ 20 ಸಾವಿರ ದಾಟಿ, ಮತ್ತೆ ಕೆಳಗೆ ಇಳೀತು. ಏರುತ್ತಾ ಇಳಿಯುತ್ತಾ ಅಂತ ನನ್ನನ್ನು ಕೇಳಬೇಡಿ. ನನಗೆ ಗೊತ್ತಿದ್ರೆ ಬ್ಲಾಗ್ ಬರೀತಾ ಕೂರ್ತಿರಲಿಲ್ಲ :-)

ಬೆಲೆ ಇಳಿದು ಹೋಗೋ ದುಡ್ಡು ಒಂದು ಥರ, ಮೋಸದಲ್ಲಿ ಹೋಗೋ ದುಡ್ಡು ಇನ್ನೊಂದು ಥರ. ಮೊದಲನೆಯದು ನಮ್ಮ ಕೈಲಿಲ್ಲ. ಎರಡನೆಯದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದಕ್ಕೆ ಇನ್ನೊಂದು ಹಳೇ ಕಥೆ ಇದೆ.

ನಮ್ಮೂರ ಹಳಿ ಹೋಗಿ ಸೇರೋದು ಮದ್ರಾಸಿಗೆ. ಅಲ್ಲಿ ಅರ್ಬತ್‌ನಾಟ್ ಅಂತ ದೊಡ್ಡ ಬ್ರಿಟಿಷ್ ಕಂಪನಿ ಇತ್ತು. ವ್ಯಾಪಾರದ ಜೊತೆ ಬ್ಯಾಂಕೂ ನಡೆಸ್ತಿತ್ತು. ಆ ಹೆಸರಿಗೆ ಸಾವಿರಾರು ಜನ, ಪಿಂಚಣಿದಾರರೂ ಸೇರಿ, ಕೂಡಿಟ್ಟಿದ್ದನ್ನೆಲ್ಲ ಅಲ್ಲೇ ಇಟ್ಟರು. 1906ರ ಅಕ್ಟೋಬರ್ 22ರಂದು ಬಾಗಿಲು ಮುಚ್ಚಿತು. ಜನರ ಠೇವಣಿಯನ್ನು ಲಂಡನ್ ಕಡೆಯ ಪಾಲುದಾರ ಸಟ್ಟಾದಲ್ಲಿ ಕಳೆದಿದ್ದ. ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ 18 ತಿಂಗಳ ಜೈಲಾಯ್ತು. ಮರುವರ್ಷ ವಿ. ಕೃಷ್ಣಸ್ವಾಮಿ ಅಯ್ಯರ್ ಮತ್ತಿತರರು ಸೇರಿ ಇಂಡಿಯನ್ ಬ್ಯಾಂಕ್ ಶುರು ಮಾಡಿದ್ದು ಇದೇ ಪೆಟ್ಟಿನಿಂದ ಎದ್ದು.

ಠೇವಣಿ ಇಟ್ಟವರು ಯಾರೂ ಸಟ್ಟಾ ಆಡಿರಲಿಲ್ಲ. ಅವರ ದುಡ್ಡು ಇನ್ನೊಬ್ಬರ ಕೈಲಿತ್ತು, ಅಷ್ಟೇ. ಇದು ಹಳೇ ಕಾಲದ್ದು ಅಂದುಕೊಳ್ಳಬೇಡಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿಗೆ ಕನ್ನ ಬಿತ್ತು. ಹೋಗಿದ್ದು ಸುಮಾರು 23 ಕೋಟಿ ಡಾಲರ್, ಅಂದ್ರೆ ಹತ್ತಿರ ಹತ್ತಿರ 2000 ಕೋಟಿ ರೂಪಾಯಿ. ಅಲ್ಲಿ ನಾಣ್ಯ ಇಟ್ಟಿದ್ದ ಜನ ಸಿಂಗಪುರದ ಕೋರ್ಟಿನ ಕಡೆ ನೋಡುತ್ತಾ ಕೂತರು. ವಹಿವಾಟು ಮತ್ತೆ ಶುರುವಾಗಿದ್ದು 2025ರ ಅಕ್ಟೋಬರಿನಲ್ಲಿ. ಪೆಟ್ಟಿಗೆ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋ ಪ್ರಶ್ನೆ 1906ರದ್ದೇ.

ಇನ್ನು ಕಾನೂನಿನ ಕಥೆ, ಚುಟುಕಾಗಿ. ಬಿಟ್‌ಕಾಯಿನ್ ಹುಟ್ಟಿದ್ದು 2009ರ ಜನವರಿಯಲ್ಲಿ. ರಿಸರ್ವ್ ಬ್ಯಾಂಕ್ 2013ರ ಡಿಸೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರಂದು ಬ್ಯಾಂಕುಗಳಿಗೆ ಈ ವ್ಯವಹಾರದಿಂದ ದೂರ ಇರಿ ಅಂತ ಸುತ್ತೋಲೆ ಹೊರಡಿಸಿತು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಯುನೋಕಾಯಿನ್‌ನವರು ಎಟಿಎಂ ಥರದ ಯಂತ್ರ ಇಟ್ಟರು, ಪೊಲೀಸರು ಅದನ್ನು ಹೊತ್ಕೊಂಡು ಹೋದರು, ಸಂಸ್ಥಾಪಕರಲ್ಲಿ ಇಬ್ಬರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. 2022ರಲ್ಲಿ ತೆರಿಗೆ ಬಂತು. 2023ರ ಮಾರ್ಚಿನಲ್ಲಿ ಎಕ್ಸ್‌ಚೇಂಜುಗಳನ್ನು ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ತಂದು, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಣಿ ಕಡ್ಡಾಯ ಮಾಡಿದರು. ಅಂದ್ರೆ ಕೊಳ್ಳೋದು ಅಪರಾಧ ಅಲ್ಲ, ಆದ್ರೆ ರೂಪಾಯಿ ಥರ ಸರ್ಕಾರದ ಭರವಸೆಯೂ ಅದಕ್ಕಿಲ್ಲ.

ಸರಿ, ಈಗ ಅಕ್ಕನ ಮಗನಿಗೆ ಹೇಳಿದ್ದು.

ಮೊದಲು, ಎಷ್ಟು ದುಡ್ಡು? ಪೂರ್ತಿ ಹೋದರೂ ಮನೆಯಲ್ಲಿ ಒಲೆ ಆರದಷ್ಟು. ಸಾಲ ಬೇಡ, ಚೀಟಿ ಎತ್ತಿದ ದುಡ್ಡು ಬೇಡ, ಒಡವೆ ಅಡ ಅಂತೂ ಬೇಡವೇ ಬೇಡ.

ಎರಡು, ಎಫ್‌ಐಯು ನೋಂದಣಿ ಇರೋ ಎಕ್ಸ್‌ಚೇಂಜ್ ಮಾತ್ರ. ವಾಟ್ಸಾಪ್, ಟೆಲಿಗ್ರಾಂನಲ್ಲಿ ಬಂದ ಲಿಂಕಿನಿಂದ ಆ್ಯಪ್ ಹಾಕಬೇಡ. ಪಾನ್, ಆಧಾರ್ ಕೇಳದೇ ದುಡ್ಡು ತಗೊಳ್ಳೋರನ್ನು ಹತ್ತಿರ ಸೇರಿಸಬೇಡ. ತಿಂಗಳಿಗೆ ಇಂತಿಷ್ಟು ಗ್ಯಾರಂಟಿ ಅಂದ್ರೆ ಎದ್ದು ಬಾ. ಗೇನ್‌ಬಿಟ್‌ಕಾಯಿನ್ ಅನ್ನೋರು ತಿಂಗಳಿಗೆ ಶೇ. 10ರಂತೆ 18 ತಿಂಗಳು ಕೊಡ್ತೀವಿ ಅಂದಿದ್ದರು. ಆ ಕೇಸು ಸಿಬಿಐ ತನಕ ಹೋಯ್ತು.

ಮೂರು, ವಾರನ್ ಸಾಹೇಬನ ಪಾಠ. ಕಣ್ಣೆದುರಿಗೆ ತೊಳೆಸು. ಮೊದಲ ದಿನ ಬರೀ 1000 ರೂಪಾಯಿಗೆ ಕೊಂಡುಕೋ. ಅವತ್ತೇ ಮಾರು. ದುಡ್ಡು ನಿನ್ನ ಹೆಸರಿನ ಬ್ಯಾಂಕ್ ಖಾತೆಗೆ ವಾಪಸ್ ಬಂತಾ ನೋಡು. ಪರದೆ ಮೇಲಿನ ಲಾಭ ಬರೀ ಮಣ್ಣು, ಖಾತೆಗೆ ಬಂದಿದ್ದೇ ಚಿನ್ನ. ವಾಪಸ್ ಕೊಡೋಕೆ "ಮೊದಲು ತೆರಿಗೆ ಕಟ್ಟು, ಶುಲ್ಕ ಕಟ್ಟು" ಅಂದರೆ ಅಲ್ಲಿಗೆ ಮುಗೀತು, ಇನ್ನೊಂದು ಪೈಸೆ ಹಾಕಬೇಡ. ಸಣ್ಣ ಮೊತ್ತ ಒಂದು ಸಲ ವಾಪಸ್ ಬಂತು ಅಂತಲೂ ಮೈಮರೀಬೇಡ. ಕೆಲವು ಕಳ್ಳರು ನಂಬಿಸೋಕೆ ಅಂತಲೇ ಮೊದಲ ಸಲ ಕೊಡ್ತಾರೆ. ಅದಕ್ಕೇ ಎರಡನೇ ನಿಯಮ ಪಾಸಾದ ಮೇಲೆಯೇ ಮೂರನೆಯದು.

ನಾಲ್ಕು, ಪರಿಚಯ ಇಲ್ಲದವರ ಜೊತೆ ನೇರವಾಗಿ ಕೊಟ್ಟು ತಗೊಳ್ಳೋ ವ್ಯವಹಾರ ಹೊಸಬರಿಗೆ ಬೇಡ. ನಿನ್ನ ನಾಣ್ಯ ಕೊಂಡವನು ಕಳಿಸಿದ್ದು ಕದ್ದ ದುಡ್ಡಾಗಿದ್ರೆ, ಎಲ್ಲಿಯೋ ಬೇರೆ ರಾಜ್ಯದ ಪೊಲೀಸರು ನಿನ್ನ ಖಾತೆ ಹಿಡಿದು ನಿಲ್ಲಿಸ್ತಾರೆ. ಆಮೇಲೆ ಬ್ಯಾಂಕಿಗೂ ಸ್ಟೇಷನ್ನಿಗೂ ಅಲೆಯೋದೇ ಕೆಲಸ.

ಐದು, ಬೀಗದ ಕೈ. ಪಾಸ್‌ವರ್ಡ್ ಜೊತೆ ಎರಡನೇ ಬೀಗ ಹಾಕು. ಅದು ಎಸ್ಸೆಮ್ಮೆಸ್ ಆಗೋ ಬದಲು ಕೋಡ್ ಕೊಡೋ ಆ್ಯಪ್ ಆದ್ರೆ ಒಳ್ಳೇದು. ಮೊತ್ತ ದೊಡ್ಡದಾದ್ರೆ ಸ್ವಂತ ವ್ಯಾಲೆಟ್ ಕಲಿ. ಅದು ಕೊಡೋ 12 ಅಥವಾ 24 ಪದಗಳನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡು. ಫೋಟೋ ತೆಗೀಬೇಡ, ಯಾರಿಗೂ ಹೇಳಬೇಡ. ಆ ಪದ ಕಳೆದ್ರೆ ನಾಣ್ಯವೂ ಹೋಯ್ತು. ಯಾವ ಕಸ್ಟಮರ್ ಕೇರೂ ವಾಪಸ್ ಕೊಡಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವಾಗ ವಿಳಾಸ, ನೆಟ್‌ವರ್ಕ್ ಎರಡನ್ನೂ ನೋಡಿ, ಮೊದಲು ಚೂರು ಕಳಿಸು, ತಲುಪಿದ ಮೇಲೆ ಉಳಿದದ್ದು.

ಆರು, ತೆರಿಗೆ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ. 30, ಜೊತೆಗೆ ಸೆಸ್. ಜುಲೈ 1ರಿಂದ ಮಾರುವಾಗ ಶೇ. 1 ಟಿಡಿಎಸ್. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಈ ತೆರಿಗೆ ಹೋಗೋದು ರಿಟರ್ನ್ ಮೂಲಕ ಸರ್ಕಾರಕ್ಕೆ, ಯಾವುದೋ ಆ್ಯಪ್‌ನವನ ಯುಪಿಐಗಲ್ಲ. ಪ್ರತಿ ವ್ಯವಹಾರದ ಲೆಕ್ಕ ಬರೆದಿಡು.

ಕೊನೇದು, ಮೋಸ ಆದ್ರೆ ನಾಚಿಕೊಂಡು ಕೂರಬೇಡ. ತಕ್ಷಣ 1930ಕ್ಕೆ ಫೋನ್ ಮಾಡು. ಎಷ್ಟು ಬೇಗ ಮಾಡಿದ್ರೆ ಅಷ್ಟು, ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ಇರುವಾಗಲೇ ತಡೆಯೋ ಅವಕಾಶ ಜಾಸ್ತಿ. ಆಮೇಲೆ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕೊಡಿ" ಅಂತ ಬರೋನು ಎರಡನೇ ಕಳ್ಳ.

ಹುಡುಗ ಅವತ್ತು ಸಂಜೆಯೇ 1000 ರೂಪಾಯಿಗೆ ಕೊಂಡು ಮಾರಿದ. ಟಿಡಿಎಸ್, ಶುಲ್ಕ ಎಲ್ಲ ಹೋಗಿ 970ರ ಚಿಲ್ಲರೆ ಖಾತೆಗೆ ಬಂತು. "30 ರೂಪಾಯಿ ಹೋಯ್ತಲ್ಲ ಮಾವ" ಅಂದ. ಟ್ಯೂಷನ್ ಫೀಸ್ ಅಂದುಕೋ ಅಂದೆ.

ಬಾಗಿಲ ಹತ್ತಿರ ಚಿಕ್ಕಪ್ಪನ ಮಗ ನಿಂತು ಎಲ್ಲ ಕೇಳ್ತಿದ್ದ. ಯಾವಾಗ ಬಂದ್ನೋ ಗೊತ್ತಾಗಲಿಲ್ಲ. "ಅಣ್ಣ, ನಂದು ವಾಪಸ್ ಬರುತ್ತಾ?" ಅಂತ ಕೇಳಿದ. ಕಷ್ಟ ಕಣೋ ಅಂದೆ, ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಇಷ್ಟು ದಿನ ಅವನು ದೂರೇ ಕೊಟ್ಟಿರಲಿಲ್ಲ. ಊರಲ್ಲಿ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ ಅಂತ. ಬೆಳಿಗ್ಗೆ ಇಬ್ಬರೂ ಕೂತು ಅವನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಯಾವ ದಿನ ಯಾವ ಖಾತೆಗೆ ಎಷ್ಟು ಹೋಯ್ತು ಅಂತ ಪಟ್ಟಿ ಮಾಡಿ, ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ದಾಖಲು ಮಾಡಿದ್ವಿ. ಆಮೇಲೆ ಅವನು ಅಕ್ಕನ ಮನೆಯಲ್ಲೇ ತಿಂಡಿ ತಿಂದ. ತುಂಬಾ ದಿನದ ಮೇಲೆ.

ನಿಮ್ಮ ಮನೆಯಲ್ಲೂ ಹೀಗೆ ಸುಮ್ಮನೆ ಕೂತವರು ಯಾರಾದ್ರೂ ಇದ್ರೆ, ಬೈಯೋಕೆ ಮುಂಚೆ ಪಕ್ಕದಲ್ಲಿ ಕೂತು ಆ ಪಟ್ಟಿ ಮಾಡಿಕೊಡಿ.